ನಿಮಗಿದು ಗೊತ್ತೇ? ಕಾಕಂಬಿಯಲ್ಲಿ ಮಿಂದೇಳುವ ಹಳೇ ಲಾರಿಗಳು!

ಚೆನ್ನೈನ ಅಣ್ಣಾ ಸಾಲೈನಲ್ಲಿ ಓಡಾಡಿದವರಿಗೆಲ್ಲ 'ಸಿಂಪ್ಸನ್' ಬಸ್ ಸ್ಟಾಪ್ ಗೊತ್ತು. ಪಕ್ಕದಲ್ಲೇ ಸಿಂಪ್ಸನ್ ಕಂಪನಿ. ಟ್ರ್ಯಾಕ್ಟರ್ ಎಂಜಿನ್ನಿಗೆ ಹೆಸರಾದ ಕಂಪನಿ. ಆದರೆ 1840ರಲ್ಲಿ ಅದು ಶುರುವಾದಾಗ ಅಲ್ಲಿ ತಯಾರಾಗುತ್ತಿದ್ದುದು ಏನು ಹೇಳಿ? ಕುದುರೆ ಸಾರೋಟು!

ಸಾರೋಟು ಮಾಡುತ್ತಿದ್ದ ಆ ಕೈಗಳೇ ಮೋಟಾರಿಗೂ ಕೈ ಹಾಕಿದವು. ಸಿಂಪ್ಸನ್ನಿನ ಸ್ಯಾಮ್ಯುಯೆಲ್ ಜಾನ್ ಗ್ರೀನ್ 1903ರಲ್ಲಿ ಒಂದು ಕಾರು ಕಟ್ಟಿದರು. ಅದಕ್ಕೆ ಪೆಟ್ರೋಲ್ ಬೇಕಿರಲಿಲ್ಲ. ಓಡುತ್ತಿದ್ದುದು ಹಬೆಯಲ್ಲಿ! ಭಾರತದಲ್ಲಿ ತಯಾರಾದ ಮೊದಲ ಹಬೆ ಕಾರು ಅದು.

ಅಷ್ಟಕ್ಕೇ ನಿಲ್ಲಲಿಲ್ಲ. 1905ರಲ್ಲಿ ಅದೇ ಕಂಪನಿ ಹಬೆ ಬಸ್ಸನ್ನೂ ಕಟ್ಟಿತು. ಅದು ಓಡಿದ್ದು ಬೆಜವಾಡದಿಂದ ಮಚಲಿಪಟ್ಟಣಕ್ಕೆ, ಅಂದರೆ ಸುಮಾರು 70 ಕಿಲೋಮೀಟರ್. ರೈಲಿನಂತೆ ನೀರು ಕುದಿಸಿಕೊಂಡು, ಹಳಿಯೇ ಇಲ್ಲದ ಮಣ್ಣುರಸ್ತೆಯಲ್ಲಿ ಬಸ್ಸು ಹೋಗುವುದನ್ನು ಕಂಡ ಹಳ್ಳಿಯವರ ಮುಖ ನೆನೆಸಿಕೊಳ್ಳಿ!

ಆಗ ಮದ್ರಾಸ್ ನಗರದ ಗಾಡಿಗಳಿಗೆ 'ಎಂಸಿ' ಎಂಬ ನಂಬರು. ಎಂಸಿ 1 ಯಾರ ಕಾರಿಗೆ ಸಿಕ್ಕಿತ್ತು? ಮದ್ರಾಸ್ ಪೋರ್ಟ್ ಟ್ರಸ್ಟಿನ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಅವರಿಗೆ. ಎಂಸಿ 3? ಹೈಕೋರ್ಟ್ ಕಟ್ಟಿದ ಕಂಟ್ರಾಕ್ಟರ್ ನಂಬೆರುಮಾಳ್ ಚೆಟ್ಟಿಯವರಿಗೆ. ಈಗ ಕೇಳಿ. ಗಣಿತದ ಮಾಂತ್ರಿಕ ರಾಮಾನುಜನ್ ಗುಮಾಸ್ತರಾಗಿದ್ದುದು ಈ ಸ್ಪ್ರಿಂಗ್ ಅವರ ಕಚೇರಿಯಲ್ಲೇ. 1920ರಲ್ಲಿ ರಾಮಾನುಜನ್ ಕೊನೆಯುಸಿರೆಳೆದದ್ದು ಚೆಟ್‌ಪೇಟ್‌ನಲ್ಲಿ, ನಂಬೆರುಮಾಳ್ ಚೆಟ್ಟಿಯವರಿಗೆ ಸೇರಿದ ಮನೆಯಲ್ಲಿ. ಮದ್ರಾಸಿನ ಒಂದನೇ ನಂಬರಿನ ಕಾರಿಗೂ ಮೂರನೇ ನಂಬರಿನ ಕಾರಿಗೂ ನಡುವೆ ರಾಮಾನುಜನ್!

ಈಗ ನಮ್ಮ ಕರಾವಳಿಗೆ ಬನ್ನಿ. 1914ರಲ್ಲೇ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಎಂಬ ಬಸ್ ಕಂಪನಿ ಹುಟ್ಟಿತು. ಸಿಪಿಸಿ ಎಂದರೆ ಹಿರಿಯರ ಮುಖ ಈಗಲೂ ಅರಳುತ್ತದೆ. ಮೊದಲನೇ ಮಹಾಯುದ್ಧ ಶುರುವಾದ ವರ್ಷ ಅದು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದ ಜಿಲ್ಲೆ!

ಇದು ಇನ್ನೂ ಸೊಗಸು. 1948ರಲ್ಲಿ ರಘುನಂದನ್ ಸರನ್ ಎಂಬ ಉದ್ಯಮಿ 'ಅಶೋಕ್ ಮೋಟಾರ್ಸ್' ಶುರು ಮಾಡಿದರು. ಅಶೋಕ ಚಕ್ರವರ್ತಿಯ ಹೆಸರಲ್ಲ, ಅವರ ಮಗನ ಹೆಸರು! ಮದ್ರಾಸಿನ ಎಣ್ಣೂರಿನಲ್ಲಿ ಕಾರ್ಖಾನೆ. ಮೊದಲು ಜೋಡಿಸಿದ್ದು ಆಸ್ಟಿನ್ ಕಾರು. ಆಮೇಲೆ ಇಂಗ್ಲೆಂಡಿನ ಲೇಲ್ಯಾಂಡ್ ಲಾರಿ. ಎಣ್ಣೂರಿನಲ್ಲಿ ಮೊಟ್ಟಮೊದಲು ಜೋಡಿಸಿದ ಲೇಲ್ಯಾಂಡ್ ಗಾಡಿಗಳು ನಾಲ್ಕು ಕಾಮೆಟ್ ಟಿಪ್ಪರ್‌ಗಳು. 1951ರಲ್ಲಿ ಅವನ್ನು ಕೊಂಡವರು ಯಾರು ಗೊತ್ತೇ? ಮಂಗಳೂರಿನ ಹೆಂಚಿನ ಕಾರ್ಖಾನೆ! ಇವತ್ತು ದೇಶದ ಯಾವ ಹೆದ್ದಾರಿಗೆ ಹೋದರೂ ಎದುರಾಗುವ ಅಶೋಕ್ ಲೇಲ್ಯಾಂಡ್ ಸಂತಾನದ ಚೊಚ್ಚಲ ಲಾರಿಗಳು ಹೊತ್ತದ್ದು ಹೆಂಚಿನ ಕಾರ್ಖಾನೆಯ ಭಾರ. ಆ ನಾಲ್ಕರಲ್ಲಿ ಒಂದಾದರೂ ಎಲ್ಲಾದರೂ ಗುಡ್ಡದ ಬುಡದಲ್ಲಿ ಉಳಿದಿದ್ದರೆ? ಹಳೇ ಗಾಡಿಯ ಹುಚ್ಚಿರುವವರಿಗೆ ಅದು ಬಂಗಾರಕ್ಕಿಂತ ಹೆಚ್ಚು!

ಆ ಲೇಲ್ಯಾಂಡ್ ಕಂಪನಿಯ ಬೇರು ಹುಡುಕಿದರೆ ಸಿಗುವುದೇನು? ಹುಲ್ಲು ಕತ್ತರಿಸುವ ಯಂತ್ರ! ಇಂಗ್ಲೆಂಡಿನ ಲೇಲ್ಯಾಂಡ್ ಊರಿನ ಜೇಮ್ಸ್ ಸಮ್ನರ್ ಹಬೆಯಿಂದ ಹುಲ್ಲು ಕತ್ತರಿಸುವ ಯಂತ್ರ ಮಾಡಿದ್ದರು. 1896ರಲ್ಲಿ ಹಬೆ ಗಾಡಿಯ ಕಂಪನಿಯಾಯಿತು. ಅದೇ ಬೆಳೆದು ಲಾರಿಯಾಯಿತು!

ಅದೇ 1896ರಲ್ಲಿ ಜರ್ಮನಿಯ ಗಾಟ್ಲೀಬ್ ಡೈಮ್ಲರ್ ಜಗತ್ತಿನ ಮೊದಲ ಮೋಟಾರು ಲಾರಿ ಮಾಡಿದರು. ನೋಡಿದರೆ ಕುದುರೆ ಬಿಚ್ಚಿಟ್ಟ ಗಾಡಿ, ಅಷ್ಟೇ. ಎಂಜಿನ್ ಇದ್ದುದು ಹಿಂದೆ. ಶಕ್ತಿ ಬರೀ ನಾಲ್ಕು ಅಶ್ವಶಕ್ತಿ. ಇವತ್ತಿನ ಸಣ್ಣ ಸ್ಕೂಟರಿಗೂ ಅದಕ್ಕಿಂತ ಹೆಚ್ಚಿದೆ! ಆದರೂ ಹೊರುತ್ತಿದ್ದುದು ಒಂದೂವರೆ ಟನ್!

ಅದಕ್ಕೂ ನೂರಿಪ್ಪತ್ತೈದು ವರ್ಷ ಹಿಂದೆ ಹೋಗೋಣವೇ? ಫ್ರಾನ್ಸಿನ ಕುನ್ಯೋ ಎಂಬ ಸೈನ್ಯದ ಎಂಜಿನಿಯರ್ ಫಿರಂಗಿ ಎಳೆಯಲೆಂದು ಮೂರು ಚಕ್ರದ ಹಬೆ ಬಂಡಿ ಮಾಡಿದ್ದರು. ವೇಗ ಮನುಷ್ಯನ ನಡಿಗೆಯಷ್ಟೇ. ಆ ಬಂಡಿ ಪ್ಯಾರಿಸ್ಸಿನ ಮ್ಯೂಸಿಯಮ್ಮಿನಲ್ಲಿ ಇವತ್ತಿಗೂ ಇದೆ!

ಫಿರಂಗಿ ಎಳೆಯುವ ಮಾತು ಬಂತಲ್ಲ, ನಮ್ಮ ಅಮೃತಮಹಲ್ ಎತ್ತುಗಳನ್ನು ಬಿಟ್ಟರೆ ಹೇಗೆ? ಮೈಸೂರು ಒಡೆಯರು ಸಾಕಿ, ಹೈದರಾಲಿ ಬೆಳೆಸಿ, ಟಿಪ್ಪು ಹೆಸರಿಟ್ಟ ತಳಿ. ಈ ಎತ್ತುಗಳ ಬಲದಿಂದ ಹೈದರನ ಸೈನ್ಯ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿತ್ತು! 1799ರ ನಂತರ ಬ್ರಿಟಿಷರೂ ಈ ತಳಿಯನ್ನು ಬಿಡಲಿಲ್ಲ. ಮದ್ರಾಸ್ ಸೈನ್ಯದ ಫಿರಂಗಿಗಳನ್ನು ಎಳೆದದ್ದೂ ಇವೇ. ಅಜ್ಜಂಪುರದಲ್ಲಿ ತಳಿ ಕೇಂದ್ರ ಇಂದಿಗೂ ಇದೆ. ಆ ಕಾಲದ ಲಾರಿ ಎಂಜಿನ್ ಇಂದಿಗೂ ಕರು ಹಾಕುತ್ತಿದೆ!

ಈಗ ಎತ್ತಿನಗಾಡಿಯ ಚಕ್ರವನ್ನು ಹತ್ತಿರದಿಂದ ನೋಡಿ. ಚಪ್ಪಟೆ ಅಂದುಕೊಂಡಿರಾ? ಹಳೇ ಸಾರೋಟು, ಗಾಡಿಗಳ ಎಷ್ಟೋ ಚಕ್ರಗಳು ಊಟದ ತಟ್ಟೆಯಂತೆ ಒಳಕ್ಕೆ ತುಸು ಬಾಗಿರುತ್ತವೆ! ಹಾಗೆ ಬಾಗಿದ್ದರೇ ಗಾಡಿ ಅತ್ತಿತ್ತ ವಾಲಿದಾಗ ಅರೆಕಾಲುಗಳು ಮುರಿಯುವುದಿಲ್ಲ. ಇದು ಗೊತ್ತಿಲ್ಲದೆ ಹೊಸಬರು ಚಕ್ರವನ್ನು 'ನೆಟ್ಟಗೆ' ಮಾಡಲು ಹೋಗಿ ಕೆಡಿಸುತ್ತಾರೆ.

ಚಕ್ರದ ಸುತ್ತ ಕಬ್ಬಿಣದ ಪಟ್ಟಿ ಇದೆಯಲ್ಲ, ಅದನ್ನು ಚಕ್ರಕ್ಕಿಂತ ಬೇಕೆಂದೇ ಚಿಕ್ಕದಾಗಿ ಮಾಡುತ್ತಾರೆ! ಚಿಕ್ಕದು ಹೇಗೆ ಕೂರುತ್ತದೆ? ಪಟ್ಟಿಯನ್ನು ಬೆರಣಿ, ಸೌದೆಯ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾರೆ. ಕಾದ ಕಬ್ಬಿಣ ಹಿಗ್ಗುತ್ತದೆ. ಇಬ್ಬರು ಮೂವರು ಇಕ್ಕಳದಲ್ಲಿ ಹಿಡಿದು ತಂದು ಚಕ್ರದ ಮೇಲೆ ಕೂರಿಸುತ್ತಾರೆ. ಮರ ಹೊಗೆಯಾಡಲು ಶುರುವಾಗುತ್ತದೆ. ತಡಮಾಡಿದರೆ ಚಕ್ರವೇ ಸುಟ್ಟುಹೋದೀತು. ಕೂಡಲೇ ಕೊಡಗಟ್ಟಲೆ ನೀರು! ಚುಂಯ್ ಎಂದು ಹಬೆ ಎದ್ದು, ಪಟ್ಟಿ ಕುಗ್ಗಿ, ಸಂದುಸಂದಿನ ಕೀಲೆಲ್ಲ ಟಕಟಕ ಎಂದು ಬಿಗಿದುಕೊಳ್ಳುತ್ತವೆ. ಗಾಡಿಯ ಇಡೀ ಭಾರವನ್ನು ಹೊತ್ತು ತಿರುಗುವ ಚಕ್ರವನ್ನು ಹಿಡಿದಿಟ್ಟಿರುವುದು ತಣ್ಣಗಾದ ಆ ಪಟ್ಟಿಯ ಬಿಗಿತ!

ಇದನ್ನು ಯಾಕೆ ಇಷ್ಟು ಹೇಳಿದೆ ಅಂದರೆ, ಮೊದಮೊದಲ ಲಾರಿಗಳ ಚಕ್ರವೂ ಮರದ್ದೇ! ಹಾಗಾಗಿ ನೂರು ವರ್ಷದ ಲಾರಿಯನ್ನು ಓಡಿಸಬೇಕೆಂದರೆ ಮೆಕ್ಯಾನಿಕ್ ಒಬ್ಬನೇ ಸಾಲದು. ಗಾಡಿ ಚಕ್ರ ಮಾಡಿ ಪಳಗಿದ ಬಡಗಿಯೂ ಬೇಕು, ಕುಲುಮೆಯ ಕಮ್ಮಾರನೂ ಬೇಕು. ಅಂಥ ಬಡಗಿ ನಿಮ್ಮೂರಲ್ಲಿ ಇನ್ನೂ ಇದ್ದಾರೆಯೇ? ಅವರ ಬೆಲೆ ಅವರಿಗೇ ಗೊತ್ತಿರಲಿಕ್ಕಿಲ್ಲ!

ಫೋರ್ಡ್ ಕಂಪನಿ 1917ರಲ್ಲಿ 'ಮಾಡೆಲ್ ಟಿಟಿ' ಎಂಬ ಒಂದು ಟನ್ ಲಾರಿ ತಂದಿತು. ದುಡ್ಡು ಕೊಟ್ಟರೆ ಸಿಗುತ್ತಿದ್ದುದು ಎಂಜಿನ್, ಚಾಸಿ, ಚಕ್ರ. ಡ್ರೈವರ್ ಕೂರುವ ಕ್ಯಾಬಿನ್ನೂ ಇಲ್ಲ, ಸಾಮಾನು ಹೇರುವ ಬಾಡಿಯೂ ಇಲ್ಲ! ಅದನ್ನು ಕೊಂಡವನೇ ಬಡಗಿ ಹಿಡಿದು ಕಟ್ಟಿಸಿಕೊಳ್ಳಬೇಕು. ಹೀಗಾಗಿ ಒಂದೇ ಕಾರ್ಖಾನೆಯಿಂದ ಬಂದ ಎರಡು ಲಾರಿಗಳು ಒಂದೇ ಥರ ಇರುತ್ತಿರಲಿಲ್ಲ. ತಮಿಳುನಾಡಿನ ನಾಮಕ್ಕಲ್‌ಗೆ ಹೋಗಿ ನೋಡಿ, ಲಾರಿಗೆ ಬಾಡಿ ಕಟ್ಟುವ ಕಸುಬಿಗೇ ಆ ಊರು ಇಂದಿಗೂ ಹೆಸರುವಾಸಿ!

ಆ ಫೋರ್ಡ್ ಓಡಿಸುವುದು ಹೇಗೆ? ಕಾಲಡಿ ಮೂರು ಪೆಡಲ್. ಎಕ್ಸಲರೇಟರ್ ಎಲ್ಲಿ? ಕಾಲಡಿಯಲ್ಲಿಲ್ಲ, ಸ್ಟೀರಿಂಗ್ ಕೆಳಗೆ ಕೈಯಲ್ಲಿ ಜಗ್ಗುವ ಕಡ್ಡಿ! ನಡುವಿನ ಪೆಡಲ್ ರಿವರ್ಸ್. ಬಲಗಡೆಯದು ಬ್ರೇಕ್. ಎಡಗಡೆಯದು ಗೇರು. ಮೂವತ್ತು ವರ್ಷ ಲಾರಿ ಓಡಿಸಿದ ಡ್ರೈವರೂ ಇದರಲ್ಲಿ ಕೂತರೆ ಮತ್ತೆ ಮೊದಲಿಂದ ಕಲಿಯಬೇಕು!

ಕಡಿದಾದ ಘಾಟಿ ಬಂದರೆ ಈ ಲಾರಿಯನ್ನು ತಿರುಗಿಸಿ ಹಿಮ್ಮುಖವಾಗಿ ಹತ್ತಿಸುತ್ತಿದ್ದರು! ನಿಜ. ಪೆಟ್ರೋಲ್ ಪಂಪು ಇರಲಿಲ್ಲ. ಸೀಟಿನ ಕೆಳಗಿನ ಟ್ಯಾಂಕಿನಿಂದ ಪೆಟ್ರೋಲ್ ತಾನಾಗಿ ಇಳಿದು ಎಂಜಿನ್ ಸೇರಬೇಕು. ಮೂತಿ ಮೇಲಾದರೆ ಪೆಟ್ರೋಲ್ ಬರುವುದು ನಿಂತೇಹೋಗುತ್ತಿತ್ತು. ಅದಕ್ಕೇ ಬೆನ್ನು ಮುಂದೆ, ಮುಖ ಹಿಂದೆ!

ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡುವ ಗಾಡಿ ಕಂಡಿದ್ದೀರಾ? ಅದಕ್ಕೊಂದು ಪಾಠವಿದೆ. ಹೆಬ್ಬೆರಳನ್ನು ಹ್ಯಾಂಡಲಿನ ಸುತ್ತ ಸುತ್ತಬಾರದು. ಉಳಿದ ನಾಲ್ಕು ಬೆರಳಿನ ಪಕ್ಕದಲ್ಲೇ ಮಡಚಿಡಬೇಕು. ಕೆಳಗೆ ಒತ್ತಬಾರದು, ಮೇಲಕ್ಕೆ ಎಳೆಯಬೇಕು. ಕಿಡಿಯ ಹೊತ್ತನ್ನು ಹೊಂದಿಸುವ ಕಡ್ಡಿಯನ್ನು ಮೊದಲೇ ಹಿಂದಕ್ಕೆ ಸರಿಸಿರಬೇಕು. ಇಲ್ಲವಾದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಒದ್ದರೆ ಮಣಿಕಟ್ಟೇ ಮುರಿಯುತ್ತದೆ! ಹೀಗೆ ಕೈ ಮುರಿದುಕೊಂಡವರು ಆಗ ಎಷ್ಟೋ ಜನ.

ಇನ್ನು ದೀಪ. ಬ್ಯಾಟರಿ ಇಲ್ಲದ ಕಾಲದಲ್ಲಿ ಹೆಡ್‌ಲೈಟ್ ಉರಿದದ್ದು ಕಾರ್ಬೈಡ್ ಕಲ್ಲಿನ ಮೇಲೆ ನೀರು ತೊಟ್ಟಿಕ್ಕಿಸಿ ಬಂದ ಗ್ಯಾಸಿನಿಂದ. ಹೌದು, ಮಾವಿನಹಣ್ಣು ಬೇಗ ಹಣ್ಣಾಗಲೆಂದು ಕೆಲವರು ಕದ್ದು ಇಡುತ್ತಾರಲ್ಲ, ಅದೇ ಕಾರ್ಬೈಡ್!

ಅಮೆರಿಕದ ಫೋರ್ಡ್ ನಮ್ಮ ದೇಶಕ್ಕೆ ಬಂದದ್ದು ಅಮೆರಿಕದಿಂದಲ್ಲ, ಕೆನಡಾದಿಂದ! ಬ್ರಿಟಿಷ್ ಸಾಮ್ರಾಜ್ಯದೊಳಗಿನ ದೇಶವಾದ್ದರಿಂದ ಕೆನಡಾ ಮಾಲಿಗೆ ತೆರಿಗೆ ಕಡಿಮೆ. ಆದ್ದರಿಂದ ಇಂಡಿಯಾದ ವ್ಯಾಪಾರವೆಲ್ಲ ಕೆನಡಾ ಫೋರ್ಡಿನ ಪಾಲು. ಎರಡನೇ ಮಹಾಯುದ್ಧದಲ್ಲಿ ಕೆನಡಾ ಸೈನ್ಯಕ್ಕೆಂದೇ ಮೊಂಡುಮೂತಿಯ ಫೋರ್ಡ್, ಷೆವರ್ಲೆ ಟ್ರಕ್ಕುಗಳನ್ನು ನಾಲ್ಕು ಲಕ್ಷಕ್ಕೂ ಹೆಚ್ಚು ತಯಾರಿಸಿತು. ಯುದ್ಧ ಮುಗಿದ ಮೇಲೆ ಇಲ್ಲಿ ಉಳಿದ ಟ್ರಕ್ಕುಗಳು ಹರಾಜಾಗಿ, ಬಸ್ಸಾಗಿ, ಮರ ಸಾಗಿಸುವ ಲಾರಿಯಾಗಿ ಬಾಳಿದವು!

ಆ ಯುದ್ಧದಲ್ಲಿ ಪೆಟ್ರೋಲಿಗೆ ರೇಷನ್. ಬಸ್ಸುಗಳು ಓಡಿದ್ದು ಹೇಗೆ? ಇದ್ದಿಲಿನಿಂದ! ಬಸ್ಸಿನ ಬೆನ್ನಿಗೆ ಉದ್ದನೆಯ ಒಲೆ ಕಟ್ಟಿ, ಇದ್ದಿಲು ತುಂಬಿ, ತಿದಿ ತಿರುಗಿಸಿ, ಅದರ ಗ್ಯಾಸನ್ನು ಎಂಜಿನ್ನಿಗೆ ಕೊಡುತ್ತಿದ್ದರು. ಈ ಗ್ಯಾಸ್ ಪ್ಲಾಂಟುಗಳನ್ನು ತಯಾರಿಸಿದವರಲ್ಲಿ ಮದುರೆಯ ಟಿವಿಎಸ್‌ನವರೂ ಇದ್ದರು. ಏರು ಬಂದರೆ ಜನ ಇಳಿದು ತಳ್ಳಬೇಕಿತ್ತು. ಬೆಳಗಿನ ಬಸ್ಸು ಹೊರಡಬೇಕೆಂದರೆ ಬಹಳ ಮುಂಚೆಯೇ ಒಲೆ ಹಚ್ಚಬೇಕು!

ಟಿವಿಎಸ್ ಬಗ್ಗೆ ಮದುರೆ ಕಡೆ ಹೇಳುವ ಇನ್ನೊಂದು ಕಥೆ ಕೇಳಿ. ರಸ್ತೆಯಲ್ಲಿ ಎತ್ತಿನ ಲಾಳದ ಮೊಳೆಗಳು ಬಿದ್ದು ಬಸ್ಸುಗಳು ಪಂಕ್ಚರ್ ಆಗುತ್ತಿದ್ದವಂತೆ. ಅದಕ್ಕೆ ಗಾಡಿಯೊಂದಕ್ಕೆ ಆಯಸ್ಕಾಂತ ಕಟ್ಟಿ ರಸ್ತೆಯುದ್ದಕ್ಕೂ ಮೊಳೆ ಆರಿಸಿದರಂತೆ!

ಇಷ್ಟೆಲ್ಲ ಗಾಡಿಗಳಿದ್ದವಲ್ಲ, ಎಲ್ಲಿ ಹೋದವು? ಹಳೇ ಕಾರು ಸಿಗುವಷ್ಟು ಸುಲಭವಾಗಿ ಹಳೇ ಲಾರಿ ಸಿಗುವುದೇ ಇಲ್ಲ! ಕಾರನ್ನು ಮನೆಯವರು ಶೆಡ್ಡಿನಲ್ಲಿಟ್ಟು ಒರೆಸಿಟ್ಟರು. ಲಾರಿಯನ್ನು ಸಾಯುವ ತನಕ ದುಡಿಸಿದರು. ಸತ್ತ ಮೇಲೆ ಎಂಜಿನ್ ನೀರೆತ್ತುವ ಪಂಪಿಗೆ, ಅಚ್ಚು ಟ್ರೇಲರಿಗೆ, ಉಳಿದದ್ದು ಗುಜರಿಗೆ. ಅದಕ್ಕೇ ಉಳಿದ ಒಂದೊಂದು ಲಾರಿಯೂ ಅಪರೂಪದಲ್ಲಿ ಅಪರೂಪ. ಇದು ನನ್ನ ಮನಸ್ಸಿಗೆ ನೋವು ಕೊಡುವ ಸಂಗತಿ. ನಾಡು ಕಟ್ಟಿದ ಕಲ್ಲು, ಹೆಂಚು, ಭತ್ತ ಎಲ್ಲವನ್ನೂ ಹೊತ್ತವು ಇವೇ ತಾನೇ?

ಉಳಿದ ಒಂದನ್ನು ನೋಡಬೇಕೆ? ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಮ್ಮಿನಲ್ಲಿ 1914ರ ಜಾನ್ ಮಾರಿಸ್ ಅಗ್ನಿಶಾಮಕ ಗಾಡಿ ಇದೆ. ಟೈರಿನಲ್ಲಿ ಗಾಳಿಯೇ ಇಲ್ಲ, ಗಟ್ಟಿ ರಬ್ಬರು! ಅದು ದುಡಿದದ್ದು ನಿಜಾಮರ ರೈಲ್ವೆಯಲ್ಲಿ. ನಮ್ಮ ಕಲಬುರಗಿ ಜಿಲ್ಲೆಯ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಹಾಕಿ ಶುರುವಾದ ರೈಲ್ವೆ ಅದು!

ಸರಿ, ತುಕ್ಕು ಹಿಡಿದ ಲಾರಿ ಸಿಕ್ಕಿತು ಅನ್ನಿ. ಮುಂದೇನು? ಚೆನ್ನೈನವರಾದರೆ ಮೊದಲ ಓಟ ಪುದುಪೇಟೆಗೆ! ಎಗ್ಮೋರ್ ಪಕ್ಕ, ಕೂವಂ ನದಿಯ ಬಳಿ ಇರುವ ಗುಜರಿ ಪೇಟೆ. ಗಾಡಿಗಳನ್ನು ಬಿಚ್ಚಿ ನಟ್ಟು ನಟ್ಟಾಗಿ ಮಾರುವ ಜಾಗ. ಹೊಸ ಬಿಡಿಭಾಗ ಬೇಕೆ? ಅಣ್ಣಾ ಸಾಲೈಗೆ ಸೇರುವ ಜನರಲ್ ಪ್ಯಾಟರ್ಸ್ ರಸ್ತೆ ಇದೆ.

ಈಗ ತುಕ್ಕು. ಸಮುದ್ರದ ಉಪ್ಪು ಗಾಳಿಯ ಊರಲ್ಲಿ ತುಕ್ಕೇ ದೊಡ್ಡ ಶತ್ರು. ಅದಕ್ಕೆ ಮದ್ದು? ಕಾಕಂಬಿ! ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಪಾಕ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ, ಡ್ರಮ್ಮಿನಲ್ಲಿ ತುಕ್ಕಿನ ಕಬ್ಬಿಣ ಮುಳುಗಿಸಿ ಒಂದೆರಡು ವಾರ ಬಿಡಬೇಕು. ಗಬ್ಬು ನಾತ ಬರುತ್ತದೆ, ಮೇಲೆ ನೊರೆ ಕಟ್ಟುತ್ತದೆ. ತೆಗೆದು ನೀರು ಹೊಡೆದರೆ ತುಕ್ಕು ಕೆಸರಿನಂತೆ ಜಾರಿ, ಒಳಗಿನ ಬೂದುಬಣ್ಣದ ಕಬ್ಬಿಣ ಕಾಣುತ್ತದೆ. ಕಬ್ಬಿಣಕ್ಕೆ ಏನೂ ಆಗಿರುವುದಿಲ್ಲ! ಒಂದು ಎಚ್ಚರಿಕೆ: ಅಲ್ಯೂಮಿನಿಯಂ ಭಾಗ ಹಾಕಬೇಡಿ, ಅದನ್ನು ಕಾಕಂಬಿ ತಿಂದುಹಾಕುತ್ತದೆ. ತೊಳೆದ ಕೂಡಲೇ ಒರೆಸಿ ಎಣ್ಣೆ ಹಚ್ಚಿ. ತಡವಾದರೆ ಅದೇ ದಿನ ಮತ್ತೆ ತುಕ್ಕು!

ಹಿತ್ತಾಳೆಯ ದೀಪ, ರೇಡಿಯೇಟರ್ ಹೊಳೆಯಬೇಕೆ? ಅಜ್ಜಿಯ ಹುಣಸೆಹಣ್ಣೇ ಸಾಕು!

ಎಂಜಿನ್ ಜಾಮ್ ಆಗಿದ್ದರೆ ಸುತ್ತಿಗೆ ಎತ್ತಬೇಡಿ. ಸಿಲಿಂಡರಿನ ಒಳಗೆ ಎಣ್ಣೆ ಸುರಿದು ಕಾಯಿರಿ. ದಿನಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಒಂದು ದಿನ ಹ್ಯಾಂಡಲ್ ಕೂದಲೆಳೆಯಷ್ಟು ಅಲುಗಾಡುತ್ತದೆ. ಆ ಕ್ಷಣದ ಸಂತೋಷ ಅನುಭವಿಸಿದವರಿಗೇ ಗೊತ್ತು!

ಆ ಕಾಲದ ಎಂಜಿನ್ ಬೇರಿಂಗುಗಳು ಅಂಗಡಿಯಲ್ಲಿ ಸಿಗುವಂಥವಲ್ಲ. ತವರ, ಆಂಟಿಮನಿ, ತಾಮ್ರ ಸೇರಿಸಿ ಕರಗಿಸಿ ಎಂಜಿನ್ನಿನ ಜಾಗಕ್ಕೇ ಎರೆಯಬೇಕು. ಐಸಾಕ್ ಬ್ಯಾಬಿಟ್ 1839ರಲ್ಲಿ ಕಂಡುಹಿಡಿದ ಲೋಹ. ಕಾವು ಸರಿಯಿದೆಯೇ ಎಂದು ನೋಡಲು ಹಳೇ ಮೇಸ್ತ್ರಿಗಳು ಏನು ಮಾಡುತ್ತಿದ್ದರು? ಒಣಗಿದ ಕಡ್ಡಿ ಅದ್ದುತ್ತಿದ್ದರು! ಕಡ್ಡಿ ಕಂದಾದರೆ ಸರಿ, ಹೊತ್ತಿಕೊಂಡರೆ ಕಾವು ಜಾಸ್ತಿ. ಮೀಟರೇ ಬೇಡ!

ಯಾವುದು 'ವಿಂಟೇಜ್'? ಅಂತರರಾಷ್ಟ್ರೀಯ ಒಕ್ಕೂಟದ ಲೆಕ್ಕದಲ್ಲಿ 1919ರಿಂದ 1930ರವರೆಗಿನ ಗಾಡಿ. ನಮ್ಮ ಸರ್ಕಾರ 2021ರಲ್ಲಿ ಮಾಡಿದ ನಿಯಮದಲ್ಲಿ 50 ವರ್ಷ ದಾಟಿ, ಮೂಲರೂಪದಲ್ಲೇ ಉಳಿದ ಎರಡು, ನಾಲ್ಕು ಚಕ್ರದ ಖಾಸಗಿ ಗಾಡಿ. ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ಬಾಡಿಗೆ ಹೊಡೆಯುವಂತಿಲ್ಲ, ದಿನಾ ರಸ್ತೆಗಿಳಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸಲು ಮಾತ್ರ. ಜೀವಮಾನವೆಲ್ಲ ದುಡಿದ ಗಾಡಿಗೆ ಕಾನೂನೇ ಕೊಟ್ಟ ವಿಶ್ರಾಂತಿ!

ಚೆನ್ನೈಗೆ ಹೋದರೆ ವಡಪಳನಿಯ ಎವಿಎಂ ಸ್ಟುಡಿಯೋದಲ್ಲಿ ಹೆರಿಟೇಜ್ ಮ್ಯೂಸಿಯಂ ನೋಡಿ ಬನ್ನಿ. 2023ರಲ್ಲಿ ತೆರೆದದ್ದು. ಹಳೇ ಕಾರು, ಬೈಕುಗಳ ಸಾಲೇ ಸಾಲು. ಡಾ. ರಾಜ್ ನಾಯಕರಾದ ಮೊದಲ ಚಿತ್ರ, 1954ರ 'ಬೇಡರ ಕಣ್ಣಪ್ಪ'ದ ನಿರ್ಮಾಣದಲ್ಲಿ ಕೈಜೋಡಿಸಿದ್ದೂ ಇದೇ ಎವಿಎಂ! ಮದ್ರಾಸ್ ಹೆರಿಟೇಜ್ ಮೋಟರಿಂಗ್ ಕ್ಲಬ್ಬಿನವರು ರ‍್ಯಾಲಿ ಮಾಡುವಾಗ ಸಿಕ್ಕಿದರಂತೂ ನಿಮ್ಮ ಅದೃಷ್ಟ. ಅಷ್ಟು ದೂರ ಬೇಡವೆಂದರೆ ಧರ್ಮಸ್ಥಳದ ಮಂಜೂಷಾ ಇದೆ, ಶ್ರೀರಂಗಪಟ್ಟಣದ ಬಳಿ 'ಪಯಣ' ಇದೆ. ಮೈಸೂರಿನ ರೈಲು ಮ್ಯೂಸಿಯಮ್ಮಿನಲ್ಲಿ ಹಳಿಯ ಮೇಲೆ ಓಡುವ ಆಸ್ಟಿನ್ ಕಾರೇ ಇದೆ!

ಕೊನೆಗೆ ನಿಮ್ಮಲ್ಲಿ ಒಂದು ಬೇಡಿಕೆ. ಊರಿನ ಅಕ್ಕಿ ಗಿರಣಿಯ ಹಿಂದೆ, ಕಾಫಿ ತೋಟದ ಶೆಡ್ಡಿನಲ್ಲಿ, ಹೆಂಚಿನ ಕಾರ್ಖಾನೆಯ ಹಿತ್ತಲಲ್ಲಿ ಮರದ ಚಕ್ರದ ಗಾಡಿಯೋ ಮೊಂಡುಮೂತಿಯ ಲಾರಿಯೋ ಇದ್ದರೆ ಗುಜರಿಯವರಿಗೆ ಫೋನ್ ಮಾಡುವ ಮುಂಚೆ ಒಂದು ಕೆಲಸ ಮಾಡಿ. ಚಾಸಿ ನಂಬರಿನ ಫೋಟೋ ತೆಗೆಯಿರಿ, ಪೆಟ್ಟಿಗೆಯಲ್ಲಿರುವ ಹಳೇ ಆರ್‌ಸಿ ಪುಸ್ತಕ ಹುಡುಕಿ ಎತ್ತಿಡಿ, ಅದನ್ನು ಓಡಿಸಿದ ಡ್ರೈವರ್ ಬದುಕಿದ್ದರೆ ಕೂತು ಮಾತಾಡಿಸಿ. ಆಮೇಲೆ ಹತ್ತಿರದ ಹಳೇ ವಾಹನಗಳ ಕ್ಲಬ್ಬಿಗೆ ತಿಳಿಸಿ. ಮಂಗಳೂರಿಗೆ ಬಂದ ಆ ನಾಲ್ಕು ಕಾಮೆಟ್‌ಗಳಲ್ಲಿ ಒಂದು ನಿಮ್ಮ ಹಿತ್ತಲಲ್ಲೇ ಇದ್ದರೂ ಇರಬಹುದು!